ಏಳನೇ ತರಗತಿ ಮುಗಿದ ಮೇಲೆ

ಎಲ್ಲರಿಗೂ ನಮಸ್ಕಾರ. ಶನಿವಾರದ ಬೆಳಗಿನ ಶಾಲೆ ಮುಗಿಸಿ ನೇರ ಇಲ್ಲಿಗೇ ಬಂದಿದ್ದೀರಿ, ತುಂಬಾ ಸಂತೋಷ. ಪ್ರಣಾಳಿಕೆ ನಿಮ್ಮ ಕೈಯಲ್ಲಿದೆ, ಅದನ್ನು ಓದಿ ಹೇಳುವುದಿಲ್ಲ. ಇವತ್ತು ಆಡುವುದು ನನ್ನ ಸ್ವಂತ ಮಾತು.

ನಮ್ಮದು ವಿಧಾನ ಪರಿಷತ್ತಿನ ಆಗ್ನೇಯ ಶಿಕ್ಷಕರ ಕ್ಷೇತ್ರ. ಇಲ್ಲಿ ಮತ ಯಾರಿಗಿದೆ? ಹಿಂದಿನ 6 ವರ್ಷಗಳಲ್ಲಿ 3 ವರ್ಷವಾದರೂ ಹೈಸ್ಕೂಲು ಅಥವಾ ಅದಕ್ಕಿಂತ ಮೇಲಿನ ತರಗತಿಗೆ ಪಾಠ ಮಾಡಿದವರಿಗೆ. 3 ವರ್ಷ, ಹೈಸ್ಕೂಲು ಅನ್ನುವುದು ಸಂವಿಧಾನದ 171ನೇ ವಿಧಿಯಲ್ಲೇ ಇದೆ, 6 ವರ್ಷದ ಲೆಕ್ಕ 1950ರ ಜನಪ್ರತಿನಿಧಿ ಕಾಯ್ದೆಯದು. ಅಂದರೆ ಅ ಆ ಇ ಈ ತಿದ್ದಿಸಿದ ಪ್ರೈಮರಿ ಮೇಷ್ಟ್ರಿಗೆ ಶಿಕ್ಷಕರ ಕ್ಷೇತ್ರದಲ್ಲಿ ಮತ ಇಲ್ಲ! ಹಾಗಾಗಿ ಅಭ್ಯರ್ಥಿಗಳ ಕಾರು ಹೈಸ್ಕೂಲಿನ ಗೇಟಿನಲ್ಲೇ ನಿಂತುಬಿಡುತ್ತದೆ. ನಾನು ಸ್ವಲ್ಪ ಮುಂದೆ ಹೋದೆ.

ಶಿರಾ ಕಡೆಯ ಒಂದು ಹಳ್ಳಿ. 7ನೇ ತರಗತಿವರೆಗಿನ ಶಾಲೆ. ಮುಖ್ಯ ಶಿಕ್ಷಕಿ ಬೀರು ತೆಗೆದು ಒಂದು ಟಿ.ಸಿ. ತೋರಿಸಿದರು. ಸಹಿ, ಸೀಲು ಎಲ್ಲ ಆಗಿತ್ತು. ತಗೊಂಡು ಹೋಗುವವರೇ ಬಂದಿರಲಿಲ್ಲ. "ಲೆಕ್ಕದಲ್ಲಿ ಚುರುಕು ಸಾರ್ ಅವಳು" ಅಂದರು. ಮನೆ ಹುಡುಕಿಕೊಂಡು ಹೋದೆ. ಜಗಲಿ ಮೇಲೆ ಅವ್ವನ ಜೊತೆ ಕೂತು ಬಿತ್ತನೆಗೆ ಕಡಲೆಕಾಯಿ ಸುಲಿಯುತ್ತಿದ್ದಳು. ಬೆರಳ ತುದಿಗೆ ಬಟ್ಟೆ ಸುತ್ತಿಕೊಂಡಿದ್ದಳು. 17ರ ಮಗ್ಗಿ ಕೇಳಿದೆ. ಕೈ ನಿಲ್ಲಿಸದೆ, ತಲೆ ಎತ್ತದೆ, ಕೊನೆವರೆಗೂ ಹೇಳಿದಳು. ಹೈಸ್ಕೂಲು 6 ಕಿಲೋಮೀಟರ್ ದೂರ. ಅವಳ ಅವ್ವ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಬಸ್ಸು ಫ್ರೀ ಐತೆ ಸಾರ್, ನಮ್ಮೂರ ಗೇಟಲ್ಲಿ ನಿಲ್ಸಲ್ಲ. ನಮ್ ದೊಡ್ಡೋಳು ಸರ್ಕಾರದ ಸೈಕಲ್ ತುಳ್ಕೊಂಡು ಎಸ್ಸೆಸ್ಸೆಲ್ಸಿ ಮುಗಿಸಿದ್ಲು. ಇವಳಿಗೆ ಸೈಕಲ್ಲೂ ಬರಲಿಲ್ಲ."

ಶಿಕ್ಷಣದ ಹಕ್ಕಿನ ಕಾಯ್ದೆ 2010ರಲ್ಲಿ ಜಾರಿಗೆ ಬಂತು. 6ರಿಂದ 14 ವರ್ಷ, 8ನೇ ತರಗತಿವರೆಗೆ. 6ರಿಂದ 8ನೇ ತರಗತಿಯ ಮಕ್ಕಳಿಗೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಅನ್ನುತ್ತದೆ ನಿಯಮ. ನಮ್ಮ ಹಳ್ಳಿಗಳಲ್ಲಿ? ಕೆಲವು ಕಡೆ 8 ಸೇರಿಸಿದ್ದಾರೆ, ನಿಜ. ಬಹಳಷ್ಟು ಕಡೆ ಪ್ರೈಮರಿ 7ಕ್ಕೇ ಮುಗಿಯುತ್ತದೆ. ಕಾನೂನು 8ರವರೆಗೆ, ಊರಿನ ಶಾಲೆ 7ರವರೆಗೆ. ಈ ಒಂದು ತರಗತಿಯ ಸಂದಿಯಲ್ಲೇ ಹುಡುಗಿಯರು ಕಳೆದುಹೋಗುತ್ತಿದ್ದಾರೆ. ಪ್ರೈಮರಿಯವರು ಟಿ.ಸಿ. ಬರೆದು ಮುಗಿಸಿದ್ದಾರೆ, ಹೈಸ್ಕೂಲಿನವರು ಅವಳ ಮುಖವನ್ನೇ ನೋಡಿಲ್ಲ. ಅವಳು ಯಾರ ವಿದ್ಯಾರ್ಥಿನಿ ಹೇಳಿ?

ಹೋದಲ್ಲೆಲ್ಲ ಇಂಗ್ಲಿಷ್ ಮಾಧ್ಯಮದ ಬಗ್ಗೆ ಕೇಳುತ್ತಾರೆ. ಬಡ ಮಕ್ಕಳಿಗೆ ಖಾಸಗಿ ಶಾಲೆಯಲ್ಲಿ 25% ಸೀಟು ಕೊಡುವ ನಿಯಮ 2019ರಲ್ಲಿ ಬದಲಾಯಿತಲ್ಲ, ಅದರ ಬಗ್ಗೆ ಕೇಳುತ್ತಾರೆ. ಕೇಳಲಿ, ಬೇಕಾದ ಚರ್ಚೆಗಳೇ. ಆದರೆ ಮಾಧ್ಯಮ ಯಾವುದು ಅಂತ ಜಗಳ ಆಡೋಕೂ ಮಗು ಮೊದಲು ಶಾಲೆಯಲ್ಲಿ ಇರಬೇಕು, ಅಲ್ವಾ? ಆ ಹುಡುಗಿಯ ಊರಿನ ಹತ್ತಿರ ಖಾಸಗಿ ಶಾಲೆಯೂ ಇಲ್ಲ, ಸೀಟೂ ಇಲ್ಲ. ನಾನು ಮತ್ತೆ ಮತ್ತೆ 7ಕ್ಕೂ 8ಕ್ಕೂ ನಡುವಿನ ದಾರಿಗೇ ಬರುತ್ತೇನೆ, ಬೇಜಾರು ಮಾಡ್ಕೋಬೇಡಿ.

ದುಡ್ಡೆಲ್ಲಿದೆ ಅಂತೀರಾ? ದೇಶದ ಆದಾಯದಲ್ಲಿ 6% ಶಿಕ್ಷಣಕ್ಕೆ ಇಡಿ ಅಂತ ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. 1968, 1986, 2020ರ ಮೂರು ನೀತಿಗಳೂ ಅದನ್ನೇ ಹೇಳಿದವು. ಇವತ್ತಿಗೂ ಅಲ್ಲಿಗೆ ಮುಟ್ಟಿಲ್ಲ. ಆದರೆ ನಾನು ಕೇಳುತ್ತಿರುವುದು ಸೈಕಲ್ಲು. 2006ರಲ್ಲಿ ಶುರುವಾಗಿ, 8ನೇ ತರಗತಿಗೆ ಕಾಲಿಟ್ಟವರಿಗೆ ಸಿಗುತ್ತಿದ್ದ ಸೈಕಲ್ಲು ಕೋವಿಡ್ ಕಾಲದಲ್ಲಿ ನಿಂತುಹೋಯಿತು. ಗೆದ್ದರೆ ಪರಿಷತ್ತಿನಲ್ಲಿ ನನ್ನ ಮೊದಲ ಪ್ರಶ್ನೆ ಅದರದ್ದೇ. ಎರಡನೆಯದು, ಶಾಲೆ ಹೊತ್ತಿಗೆ ಬಸ್ಸು ಎಲ್ಲೆಲ್ಲಿ ನಿಲ್ಲಬೇಕು ಅನ್ನುವುದನ್ನು ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯವರನ್ನು ಕೇಳಿ ಗೊತ್ತುಮಾಡಬೇಕು. ಪ್ರೈಮರಿ ಶಿಕ್ಷಕರಿಗೆ ಮತ ಕೊಡಿಸುವುದು ಸಂಸತ್ತಿನ ಕೆಲಸ, ಆದರೂ ಎದ್ದು ನಿಂತು ಕೇಳುತ್ತೇನೆ.

ಚೀಟಿ ಬಂತು, ಐದೇ ನಿಮಿಷವಂತೆ. ಹಳೆ ಪಿಂಚಣಿ ಬೇಕು, ನಾನು ಅದರ ಪರ. ಅತಿಥಿ ಶಿಕ್ಷಕರಿಗೆ ತಿಂಗಳು ತಿಂಗಳು ಸಂಬಳ ಕೈಸೇರಬೇಕು. ಅನುದಾನಿತ ಶಾಲೆಗಳ ಖಾಲಿ ಹುದ್ದೆ ತುಂಬಬೇಕು. ಇವುಗಳನ್ನು ವಿವರವಾಗಿ ಮಾತಾಡಲು ಇನ್ನೊಮ್ಮೆ ಬರುತ್ತೇನೆ.

ಒಂದು ಕೆಲಸ ಮಾತ್ರ ಮಾಡಿ. ಸೋಮವಾರ ಸುತ್ತಲಿನ ಪ್ರೈಮರಿ ಶಾಲೆಗಳಿಗೆ ಫೋನ್ ಮಾಡಿ. 7 ಪಾಸಾದವರು ಎಷ್ಟು, ನಿಮ್ಮ 8ಕ್ಕೆ ಬಂದವರು ಎಷ್ಟು, ಸ್ಯಾಟ್ಸ್ ನಂಬರು, ಅಂದರೆ ಪ್ರತಿ ಮಗುವಿನ ದಾಖಲೆಯ ನಂಬರು ಹಿಡಿದು ತಾಳೆ ನೋಡಿ. ಬಾರದವರ ಹೆಸರು, ಊರು ಬರೆದು ನನಗೆ ಕೊಡಿ. ಮತ ಯಾರಿಗಾದರೂ ಹಾಕಿ, ಆ ಪಟ್ಟಿ ಮಾತ್ರ ಕೊಡಿ.

ಪಾವಗಡ ಕಡೆಯವರು ದಯವಿಟ್ಟು ಹೊರಡಿ, ನಿಮ್ಮ ಬಸ್ಸಿನ ಹೊತ್ತಾಯಿತು.