ಕಡಲೆಕಾಳಿನಷ್ಟು ಗಂಟು

ಕೇಳುಗರಿಗೆ ನಮಸ್ಕಾರ.

ಡೊಂಬಿವಲಿಯ ನಮ್ಮ ಮನೆಯಲ್ಲಿ ರಾಣಿ ಇದ್ದಳು. ಮಳೆಗಾಲದಲ್ಲಿ ಸ್ಟೇಷನ್ ಹತ್ತಿರ ಸಿಕ್ಕ ಬೀದಿನಾಯಿ. ಅವಳಿಗೆ ಹತ್ತು ವರ್ಷವಾಗಿದ್ದಾಗ, ಒಂದು ದಿನ ಸ್ನಾನ ಮಾಡಿಸುವಾಗ ಮೊಲೆಯ ಪಕ್ಕ ಕಡಲೆಕಾಳಿನಷ್ಟು ಗಂಟು ಕೈಗೆ ತಾಗಿತು. ಕೊಬ್ಬಿರಬೇಕು, ಸುಮ್ನೆ ಯಾಕೆ ಡಾಕ್ಟರು ಅಂದುಕೊಂಡೆ. ಅನ್ನ ತಿನ್ನುತ್ತಿದ್ದಳು, ಲಿಫ್ಟ್ ಸದ್ದಾದರೆ ಬಾಗಿಲಿಗೆ ಓಡುತ್ತಿದ್ದಳು. ಕಾಯಿಲೆ ಅಂತ ಹೇಗೆ ನಂಬೋದು? ಗಣಪತಿ ಹಬ್ಬದಲ್ಲಿ ಕಡಲೆಕಾಳು, ದೀಪಾವಳಿಗೆ ನಿಂಬೆಹಣ್ಣು.

ಡಾಕ್ಟರು ಸೂಜಿ ಚುಚ್ಚಿ ಜೀವಕೋಶ ತೆಗೆದರು. ಎದೆಯ ಎಕ್ಸ್‌ರೇ ಮಾಡಿಸಿದರು. ಮೊಲೆಯಲ್ಲಿ ಹುಟ್ಟಿದ್ದಕ್ಕೆ ಎದೆ ಯಾಕೆ ಅಂತ ಕೇಳಿದೆ. ಈ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡುವುದು ಜಾಸ್ತಿಯಂತೆ. ಆಮೇಲೆ ಅವರು ಕೇಳಿದ ಪ್ರಶ್ನೆ ಇವತ್ತಿಗೂ ಚುಚ್ಚುತ್ತದೆ: "ಮೊದಲ ಹೀಟಿಗೆ ಮುಂಚೆ ಆಪರೇಷನ್ ಮಾಡಿಸಿದ್ರಾ?" ಮಾಡಿಸಿರಲಿಲ್ಲ. ಹೀಟು, ಅಂದರೆ ಬೆದೆ, ಮೊದಲ ಸಲ ಬರುವ ಮುಂಚೆಯೇ ಗರ್ಭಕೋಶ, ಅಂಡಾಶಯ ತೆಗೆಸಿದರೆ ಮೊಲೆಯ ಕ್ಯಾನ್ಸರಿನ ಅಪಾಯ ತುಂಬಾ ಇಳಿಯುತ್ತದೆ. ಒಂದೊಂದು ಹೀಟು ಕಳೆದಂತೆ ಆ ಲಾಭವೂ ಕರಗುತ್ತದೆ. ನಾಯಿಯ ಮೊಲೆಯಲ್ಲಿ ಕಾಣುವ ಗಂಟುಗಳಲ್ಲಿ ಸುಮಾರು ಅರ್ಧದಷ್ಟು ಕೆಟ್ಟವು. ಬೆಕ್ಕಿನಲ್ಲಾದರೆ ಹೆಚ್ಚಿನವು ಕೆಟ್ಟವೇ. ಬೆಕ್ಕು ಸಾಕಿದವರು ಕಾಯಲೇಬಾರದು.

ಹಾಗಂತ ಎಲ್ಲಾ ಗಂಟೂ ಸಾವಿನ ಚೀಟಿಯಲ್ಲ. ನಮ್ಮ ಬೀದಿನಾಯಿಗಳಲ್ಲಿ ಒಂದು ವಿಚಿತ್ರ ಕ್ಯಾನ್ಸರ್ ಇದೆ. ಜನನಾಂಗದಲ್ಲಿ ಹೂಕೋಸಿನಂತೆ ಬೆಳೆದು ರಕ್ತ ಸೋರುತ್ತದೆ. ಅದು ನಾಯಿಯಿಂದ ನಾಯಿಗೆ ಅಂಟುತ್ತದೆ, ಅದೂ ವೈರಸ್ಸಿನಿಂದಲ್ಲ. ಕೂಡುವಾಗ, ನೆಕ್ಕುವಾಗ ಕ್ಯಾನ್ಸರಿನ ಜೀವಕೋಶವೇ ದಾಟಿ ಹೋಗಿ ಬೇರೂರುತ್ತದೆ. ಮನುಷ್ಯರಿಗೆ ಬರುವುದಿಲ್ಲ, ಹೆದರಿ ಕಲ್ಲು ಹೊಡೆಯಬೇಡಿ. ವಿನ್‌ಕ್ರಿಸ್ಟಿನ್ ಅನ್ನುವ ಇಂಜೆಕ್ಷನ್ನು ವಾರಕ್ಕೊಂದರಂತೆ ಕೆಲವು ವಾರ ಕೊಟ್ಟರೆ ಹೆಚ್ಚಿನವು ವಾಸಿಯಾಗುತ್ತವೆ. ಮುಂಬಯಿಯ ಪರೇಲಿನಲ್ಲಿ ಮನುಷ್ಯರ ಕ್ಯಾನ್ಸರಿಗೆ ಟಾಟಾ ಆಸ್ಪತ್ರೆ ಬಂದದ್ದು 1941ರಲ್ಲಿ. ಅದೇ ಪರೇಲಿನ ಪ್ರಾಣಿಗಳ ಆಸ್ಪತ್ರೆ ಅದಕ್ಕಿಂತ ಹಳೆಯದು, 1880ರ ದಶಕದ್ದು. ಅಲ್ಲಿಗೆ ಬೀದಿನಾಯಿಗಳೂ ಬರುತ್ತವೆ.

ಬಿಳಿ ಬೆಕ್ಕು ದಿನವಿಡೀ ಕಿಟಕಿಯ ಬಿಸಿಲಲ್ಲಿ ಮಲಗುತ್ತದೆಯೇ? ಕಿವಿಯ ತುದಿ ನೋಡಿ. ಅಲ್ಲಿ ಮಾಯದ ಹುಣ್ಣು ಕಂಡರೆ ಮುಲಾಮು ಹಚ್ಚುತ್ತಾ ಕೂರಬೇಡಿ, ಅದು ಬಿಸಿಲಿನಿಂದ ಬಂದ ಕ್ಯಾನ್ಸರ್ ಇರಬಹುದು.

ರಾಣಿಗೆ ಆಪರೇಷನ್ ಆಯಿತು. ಆದರೆ ಆಗಲೇ ಶ್ವಾಸಕೋಶದಲ್ಲಿ ಚುಕ್ಕೆ ಕಂಡಿತ್ತು. ಕೀಮೋ ಕೊಡಿಸೋದೇ ಅಂತ ಮನೆಯಲ್ಲಿ ಚರ್ಚೆ. ನಾಯಿಗೆ ಕೀಮೋ ಕೊಡುವಾಗ ಆಯಸ್ಸಿಗಿಂತ ಇರುವಷ್ಟು ದಿನದ ಸುಖ ನೋಡುತ್ತಾರೆ. ಔಷಧಿಯ ಪ್ರಮಾಣ ಕಡಿಮೆ, ಸುಸ್ತು ವಾಂತಿಯೂ ಕಡಿಮೆ. ನಾವು ಕೊಡಿಸಲಿಲ್ಲ. ನೋವಿನ ಮಾತ್ರೆ, ಮೊಸರನ್ನ, ಸಂಜೆ ಗೇಟಿನವರೆಗೆ ಒಂದು ಸುತ್ತು. ಸರಿಯೋ ತಪ್ಪೋ, ಯುಗಾದಿಯವರೆಗೆ ಇದ್ದಳು.

ಈಗ ಚಿನ್ನು ಇದ್ದಾಳೆ. ಭಾನುವಾರ ಅವಳ ದವಡೆಯ ಕೆಳಗೆ, ಭುಜದ ಮುಂದೆ, ಹಿಂಗಾಲಿನ ಮೊಣಕಾಲ ಹಿಂದೆ, ಹೊಟ್ಟೆಯುದ್ದಕ್ಕೂ ಬೆರಳಾಡಿಸುತ್ತೇನೆ. ಕಚಗುಳಿ ಅಂದುಕೊಂಡು ಅಂಗಾತ ಬಿದ್ದು ಒದೆಯುತ್ತಾಳೆ.