ಹೊಸ ವಿಂಡೋಸ್‌ನಲ್ಲಿ ಹಳೆಯ ಪೇಜ್‌ಮೇಕರ್

ಕೇಳುಗರೆಲ್ಲರಿಗೂ ನಮಸ್ಕಾರ.

ಲಗ್ನಪತ್ರಿಕೆ, ಕರಪತ್ರ, ಜಾತ್ರೆಯ ಹ್ಯಾಂಡ್‌ಬಿಲ್ಲು ಮಾಡಿಕೊಡುವ ನಮ್ಮ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ಪುಟ ಜೋಡಿಸುವ ಪೇಜ್‌ಮೇಕರ್ ತಂತ್ರಾಂಶವೇ ಆಧಾರ. ಅದರ ಕೊನೆಯ ಆವೃತ್ತಿ, 7.0, ಬಂದದ್ದು 2001ರಲ್ಲಿ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತ ಪದ್ಧತಿಯಾದ ಯೂನಿಕೋಡ್ ಅದಕ್ಕೆ ಗೊತ್ತಿಲ್ಲ. ಆದರೆ ಕನ್ನಡದ ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ವರ್ಷಗಟ್ಟಲೆ ಮಾಡಿದ ಕೆಲಸವೆಲ್ಲ ಅದರ ಫೈಲುಗಳಲ್ಲೇ ಇದೆ. ಹೊಸ ಕಂಪ್ಯೂಟರಿನಲ್ಲಿ ಅದು ತೆರೆಯದಿದ್ದರೆ ‘ಇನ್ನು ಇದರ ಕಥೆ ಮುಗೀತು’ ಅಂದುಬಿಡುತ್ತಾರೆ. ಅಷ್ಟು ಬೇಗ ಕೈಬಿಡಬೇಡಿ.

ಹಳೆಯ ತಂತ್ರಾಂಶ ಮುಗ್ಗರಿಸಲು ಎಷ್ಟೋ ಸಲ ಕಾರಣ ತೀರಾ ಸಣ್ಣದು. ಕೆಲವು ತಂತ್ರಾಂಶಗಳು ಶುರುವಾಗುವಾಗಲೇ ‘ನೀನು ಯಾವ ವಿಂಡೋಸ್?’ ಎಂದು ಕೇಳುತ್ತವೆ. ಪರಿಚಯವಿಲ್ಲದ ಸಂಖ್ಯೆ ಬಂದರೆ ನಿಂತುಬಿಡುತ್ತವೆ. ಅದಕ್ಕೇ ವಿಂಡೋಸ್ 95 ತನ್ನ ನಿಜ ಸಂಖ್ಯೆ 4.0 ಆಗಿದ್ದರೂ ತನಗಿಂತ ಹಿಂದಿನ ಕಾಲದ 16 ಬಿಟ್ ತಂತ್ರಾಂಶಗಳಿಗೆ 3.95 ಎಂದೇ ಹೇಳುತ್ತಿತ್ತು. ಇನ್ನು ಕೆಲವು, ವಿಂಡೋಸ್ ಎಕ್ಸ್‌ಪಿ ಕಾಲದ ರೂಢಿಯಂತೆ, ತಂತ್ರಾಂಶಗಳನ್ನು ಇಡುವ ಪ್ರೋಗ್ರಾಂ ಫೈಲ್ಸ್ ಫೋಲ್ಡರಿನೊಳಗೇ ಬರೆಯಲು ಹೋಗುತ್ತವೆ. 2007ರಲ್ಲಿ ವಿಂಡೋಸ್ ವಿಸ್ತಾ ಬಂದ ಮೇಲೆ ಅಲ್ಲಿ ಬರೆಯಲು ಅಡ್ಮಿನಿಸ್ಟ್ರೇಟರ್ ಅನುಮತಿ ಬೇಕು.

ಎರಡಕ್ಕೂ ಮದ್ದು ವಿಂಡೋಸ್‌ನಲ್ಲೇ ಇದೆ. ಪೇಜ್‌ಮೇಕರ್ ಐಕಾನಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್ ತೆರೆದು, ಕಂಪ್ಯಾಟಿಬಿಲಿಟಿ ಟ್ಯಾಬಿಗೆ ಹೋಗಿ. ಕಂಪ್ಯಾಟಿಬಿಲಿಟಿ ಮೋಡ್‌ಗೆ ಟಿಕ್ ಹಾಕಿ, ಪಟ್ಟಿಯಲ್ಲಿ ವಿಂಡೋಸ್ ಎಕ್ಸ್‌ಪಿ ಸರ್ವೀಸ್ ಪ್ಯಾಕ್ 3 ಆರಿಸಿ. ಕೆಳಗೆ ಅಡ್ಮಿನಿಸ್ಟ್ರೇಟರ್ ಆಗಿ ನಡೆಸುವ ಆಯ್ಕೆಯಿದೆ. ಅದಕ್ಕೂ ಟಿಕ್ ಹಾಕಿ ಓಕೆ ಒತ್ತಿ. ಆಗ ತಂತ್ರಾಂಶಕ್ಕೂ ವಿಂಡೋಸಿಗೂ ನಡುವೆ ‘ಶಿಮ್’ ಎಂಬ ಪುಟ್ಟ ಕೋಡ್ ದುಭಾಷಿಯ ಹಾಗೆ ಬಂದು ಕೂರುತ್ತದೆ. ಯಾವ ವಿಂಡೋಸ್ ಎಂದು ಕೇಳಿದರೆ ‘ಎಕ್ಸ್‌ಪಿ’ ಎನ್ನುತ್ತದೆ. ಪೇಜ್‌ಮೇಕರಿನ ಮೂಲ ಫೈಲಿನಲ್ಲಿ ಏನೂ ಬದಲಾಗುವುದಿಲ್ಲ. ಹೀಗೆ ತೊಂದರೆ ಕೊಡುವ ಎಷ್ಟೋ ತಂತ್ರಾಂಶಗಳ ಪಟ್ಟಿಯನ್ನೂ ಅವುಗಳ ಪರಿಹಾರವನ್ನೂ ಮೈಕ್ರೋಸಾಫ್ಟ್ ವಿಂಡೋಸಿನ ಜೊತೆಯಲ್ಲೇ ಕೊಡುತ್ತದೆ. ಬೇರೆಯವರು ಬರೆದ ತಂತ್ರಾಂಶಕ್ಕಾಗಿ ಇಷ್ಟು ಶ್ರಮಪಟ್ಟ ಎಂಜಿನಿಯರುಗಳ ಬಗ್ಗೆ ನನಗೆ ಬಹಳ ಗೌರವ.

ಎಲ್ಲವೂ ಇದರಿಂದ ಸರಿಹೋಗುವುದಿಲ್ಲ. 64 ಬಿಟ್ ವಿಂಡೋಸ್ 16 ಬಿಟ್ ತಂತ್ರಾಂಶವನ್ನು ನಡೆಸುವುದೇ ಇಲ್ಲ. ವಿಂಡೋಸ್ 11 ಸಿಗುವುದೇ 64 ಬಿಟ್‌ನಲ್ಲಿ. ಹಳೆಯ ಪ್ರಿಂಟರ್ ಡ್ರೈವರಿಗೂ ಈ ಟಿಕ್ ಉಪಯೋಗಕ್ಕೆ ಬಾರದು. ಅಂಥಲ್ಲಿ ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರಿನಂತೆ ನಡೆಯುವ ವರ್ಚುವಲ್‌ಬಾಕ್ಸ್‌ನೊಳಗೆ ಎಕ್ಸ್‌ಪಿ ಹಾಕಿಕೊಳ್ಳಬಹುದು. ಅದಕ್ಕೆ ಇಂಟರ್ನೆಟ್ ಮಾತ್ರ ಕೊಡಬೇಡಿ, ಎಕ್ಸ್‌ಪಿಗೆ ಬೆಂಬಲ 2014ರಲ್ಲೇ ನಿಂತಿದೆ.

ಅಂಗಡಿಯ ಹಳೆಯ ಕಂಪ್ಯೂಟರ್ ಇನ್ನೂ ನಡೆಯುತ್ತಿದ್ದರೆ, ಪೇಜ್‌ಮೇಕರಿನ ಸಿಡಿ, ಸೀರಿಯಲ್ ನಂಬರ್, ನುಡಿ ಫಾಂಟುಗಳು, ಎಲ್ಲವನ್ನೂ ಒಂದು ಪೆನ್‌ಡ್ರೈವಿಗೆ ಇವತ್ತೇ ಇಳಿಸಿಕೊಳ್ಳಿ. ಮುಖ್ಯವಾದ ಬರಹಗಳನ್ನು ಯೂನಿಕೋಡಿಗೆ ಬದಲಾಯಿಸಿದ ಪ್ರತಿಯೂ ಅದರಲ್ಲಿರಲಿ.

ನಮಸ್ಕಾರ.