ನೀರು ಕುಡಿದು ಕೆಟ್ಟ ಎರೆ ಹೊಲ

ಕೇಳುಗರೇ, ನಮಸ್ಕಾರ.

ಬಯಲುಸೀಮೆಯಲ್ಲಿ ಭೂಮಿ ಹಾಳಾಯಿತು ಅಂದ ಕೂಡಲೇ ನಮಗೆ ಬರ ನೆನಪಾಗುತ್ತದೆ, ಅಲ್ವಾ? ಇವತ್ತು ನೀರು ಜಾಸ್ತಿಯಾಗಿ ಕೆಟ್ಟ ಹೊಲದ ಮಾತು.

ಸಿಂಧನೂರು, ಗಂಗಾವತಿ ಕಡೆ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಜೋಳ, ಹತ್ತಿ, ಕಡಲೆ ಬೆಳೆಯುತ್ತಿದ್ದ ಎರೆ ಭೂಮಿ, ಅಂದರೆ ಕಪ್ಪು ಮಣ್ಣಿನ ನೆಲ ಅದು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಎದ್ದು ನಿಂತಿತು. ಎಡದಂಡೆ ಕಾಲುವೆಯ ನೀರು ಮುಖ್ಯವಾಗಿ ಕಡಿಮೆ ನೀರು ಸಾಕಾಗುವ ಅರೆ ನೀರಾವರಿ ಬೆಳೆಗೆ ಎಂದು ಲೆಕ್ಕ ಹಾಕಿದ್ದರು. ಆದರೆ ಭತ್ತದಲ್ಲಿ ದುಡ್ಡಿತ್ತು, ನೀರು ಹೊಲದ ಪಕ್ಕದಲ್ಲೇ ಹರಿಯುತ್ತಿತ್ತು. ಯಾರು ಬಿಡುತ್ತಾರೆ ಹೇಳಿ? ಮೇಲ್ಭಾಗದಲ್ಲಿ ಗದ್ದೆ ತುಂಬಿತು, 227 ಕಿಲೋಮೀಟರ್ ಕಾಲುವೆಯ ಕೊನೆಯವರು ನೀರಿಗೆ ಕಾಯುತ್ತಾ ಕೂತರು.

ಎರೆ ಮಣ್ಣು ನೀರನ್ನು ಬೇಗ ಬಸಿದುಬಿಡುವುದಿಲ್ಲ. ಅಡಿಯಲ್ಲಿ ನೀರು ನಿಂತು ಮೇಲೇರುತ್ತದೆ. ಮಣ್ಣೊಳಗಿನ ಉಪ್ಪೂ ಅದರಲ್ಲಿ ಕರಗಿರುತ್ತದೆ. ಬೇಸಿಗೆ ಬಿಸಿಲು ಆ ನೀರನ್ನು ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಮೇಲೆ ಎಳೆಯುತ್ತದೆ. ನೀರು ಆರಿ ಹೋಗುತ್ತದೆ, ಉಪ್ಪು ಉಳಿಯುತ್ತದೆ. ನೀರು ನಿಂತು ಕೆಟ್ಟರೆ ಜವಳು, ಉಪ್ಪು ಕೂತು ಕೆಟ್ಟರೆ ಸವಳು ಅನ್ನುವುದು.

ಮಾರ್ಚ್, ಏಪ್ರಿಲ್‌ನಲ್ಲಿ ತಗ್ಗಿನ ಹೊಲಕ್ಕೆ ಹೋಗಿ ನೋಡಿ. ಸುಣ್ಣ ಚೆಲ್ಲಿದಂತೆ ಬಿಳಿ ಪದರ. ಕಾಲಿಟ್ಟರೆ ಹಪ್ಪಳದ ಹಾಗೆ ಮುರಿಯುತ್ತದೆ. ಅಲ್ಲಿ ಹಚ್ಚಿದ ಭತ್ತದ ಸಸಿಯ ಎಲೆ ತುದಿಯಿಂದಲೇ ಸುಟ್ಟು ಬರುತ್ತದೆ.

ಹೀಗಾದಾಗ ಸುಮ್ನೆ ಜಿಪ್ಸಂ ತಂದು ಸುರಿಯುವವರು ಇದ್ದಾರೆ. ತಾಳಿ, ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಜಿಪ್ಸಂ ಬೇಕಿರುವುದು ಕ್ಷಾರದ ಮಣ್ಣಿಗೆ, ಅಂದರೆ ಸೋಡಿಯಂ ಜಾಸ್ತಿ ಸೇರಿದ ಮಣ್ಣಿಗೆ. ಬರೀ ಉಪ್ಪಿನ ಸವಳಾದರೆ ಒಳ್ಳೆಯ ನೀರು ಹಾಯಿಸಿ ಉಪ್ಪನ್ನು ತೊಳೆದು ಹೊರಗೆ ಕಳಿಸಬೇಕು. ಅದಕ್ಕೆ ಬಸಿಗಾಲುವೆ ಬೇಕು, ಇಲ್ಲವೇ ನೆಲದಡಿ ಸುಮಾರು ಒಂದು ಮೀಟರ್ ಆಳದಲ್ಲಿ ತೂತಿನ ಪೈಪು ಹೂಳಬೇಕು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ಕೆಲಸ ಬಲ್ಲವರಿದ್ದಾರೆ, ಕೇಳಿ. ಮುಂಗಾರಿಗೆ ಡಯಂಚ ಎಂಬ ಹಸಿರೆಲೆ ಗೊಬ್ಬರದ ಗಿಡ ಬಿತ್ತಿ ಹೂ ಬರುವಾಗ ಮಣ್ಣಿಗೆ ಸೇರಿಸಿದರೆ ನೆಲ ಸಡಿಲವಾಗುತ್ತದೆ. ಆದರೆ ಮೇಲಿನವರು ಎರಡೂ ಬೆಳೆ ಭತ್ತವನ್ನೇ ಹಚ್ಚುತ್ತಿದ್ದರೆ ಕೆಳಗಿನ ಹೊಲ ಯಾವ ಪೈಪಿಗೂ ಒಣಗುವುದಿಲ್ಲ.

ಇನ್ನೊಂದು ತೊಡಕಿದೆ. ನಿಮ್ಮ ಹೊಲದ ಬಸಿ ನೀರು ಪಕ್ಕದವರ ಹೊಲ ದಾಟಿಯೇ ಹಳ್ಳ ಸೇರಬೇಕು. ಹಾಗಾಗಿ ಪೈಪು ತರುವ ಮೊದಲು, ಹಳ್ಳದ ತನಕ ಹೊಲ ಇರುವ ಎಲ್ಲರನ್ನೂ ಒಂದು ಕಟ್ಟೆ ಮೇಲೆ ಕೂರಿಸಿ ಮಾತಾಡಿ. ಹಳ್ಳದಲ್ಲಿ ಜಾಲಿ ಬೆಳೆದಿದ್ದರೆ ಬೇಸಿಗೆಯಲ್ಲೇ ಕಡಿಸಿಬಿಡಿ.

ನಮಸ್ಕಾರ.